ಉಗುರಿನಷ್ಟು ಅರಿಶಿನ: ದಾವಣಗೆರೆಯಲ್ಲಿ ನೋಡಿದ ಒಂದು ಚಿತ್ರಪ್ರದರ್ಶನ

ಭಾನುವಾರ ದಾವಣಗೆರೆಯಲ್ಲಿ ಒಂದು ಚಿತ್ರಪ್ರದರ್ಶನ ನೋಡಿದೆ, ಇನ್ನೂ ಮನಸ್ಸಿಂದ ಹೋಗಿಲ್ಲ. ಕಲಾವಿದೆ ನಮ್ಮೂರಿನವರೇ. ಕ್ಯಾನ್ವಾಸ್ ಮೇಲೆ ಉಬ್ಬು ಮೂಡಿಸುವ ಪೇಸ್ಟನ್ನು ದಪ್ಪಗೆ ಮೆತ್ತಿ, ಒಣಗಿದ ಮೇಲೆ ಬಣ್ಣ ಬಳಿದು, ಮತ್ತೆ ಮೆತ್ತಿ, ಆಮೇಲೆ ಪ್ಯಾಲೆಟ್ ನೈಫ್‌ನಿಂದ (ಬಣ್ಣ ಕಲಸುವ ಮೊಂಡು ಚಾಕು) ಅಲ್ಲಲ್ಲಿ ಕೆರೆದು ಒಳಗಿನ ಪದರ ಹೊರಗೆ ತಂದಿದ್ದಾರೆ. ತೀರಿಹೋದ ಅಮ್ಮನ ಚಿತ್ರದಲ್ಲಿ ಮುಖವೇ ಇಲ್ಲ. ಬರೀ ಕಂದು ಪದರಗಳು, ನಡುವೆ ತಿಕ್ಕಿದ ಮಂಡಕ್ಕಿ ಭಟ್ಟಿಯ ಮಸಿ. ಹತ್ತಿರ ಹೋದರೆ ಒಂದು ಬಿರುಕು, ಅದರೊಳಗೆ ಉಗುರಿನಷ್ಟೇ ಅಗಲದ ಅರಿಶಿನ ಬಣ್ಣ. ನನಗೆ ಅಲ್ಲೇ ಕಣ್ಣು ತುಂಬಿತು.

ಜರ್ಮನಿಯ ಕಲಾವಿದ ಆನ್ಸೆಲ್ಮ್ ಕೀಫರ್ 1981ರಲ್ಲೇ 'ಮಾರ್ಗರೆಟೆ' ಚಿತ್ರಕ್ಕೆ ಒಣಹುಲ್ಲು ಅಂಟಿಸಿದ್ದರು, ಅಂದರೆ ದಾರಿ ಹೊಸದಲ್ಲ. ಆದರೆ ಈ ಮಸಿ ನಮ್ಮದು, ಅಲ್ವಾ?

ಕೋಪದ ಮೇಲಿನ ಕೆಂಪು ಚಿತ್ರಗಳು ಅಷ್ಟು ಹಿಡಿಸಲಿಲ್ಲ. ಪೇಸ್ಟ್ ಜಾಸ್ತಿ, ಭಾವ ಕಡಿಮೆ.

ಬೇಜಾರಾಗಿದ್ದು ಬೆಳಕಿನ ವಿಷಯಕ್ಕೆ. ಇಂಥ ಉಬ್ಬುತಗ್ಗಿನ ಚಿತ್ರಕ್ಕೆ ಪಕ್ಕದಿಂದ ಬೆಳಕು ಬಿದ್ದರೆ ತಾನೇ ನೆರಳು ಮೂಡೋದು? ಅಲ್ಲಿ ಎದುರಿಗೇ ಟ್ಯೂಬ್‌ಲೈಟ್ ಹಾಕಿ ಎಲ್ಲವನ್ನೂ ಚಪ್ಪಟೆ ಮಾಡಿದ್ದರು. ಸಂಜೆ ಐದರ ಹೊತ್ತಿಗೆ ಹೋಗಿ, ಕಿಟಕಿ ಪಕ್ಕದ ಗೋಡೆಯಿಂದ ಶುರುಮಾಡಿ. ಅಮ್ಮನ ಚಿತ್ರ ಅಲ್ಲೇ ಇದೆ.