ಮಳೆಗಾಲದ ಚಾಕುವಿಗೆ ಎಣ್ಣೆಯೋ, ಚೊಗರೋ, ಅಂಗಡಿಯ ಕಪ್ಪು ಲೇಪವೋ?

ನಮ್ಮ ಮನೆ ಇರುವುದು ಆಗುಂಬೆಯ ಹತ್ತಿರ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಜಾಗ. ಜುಲೈನಲ್ಲಿ ಚಾಕುವನ್ನು ಒದ್ದೆಯಾಗಿ ಬಿಟ್ಟು ಮಲಗಿದರೆ ಬೆಳಿಗ್ಗೆ ಕೆಂಪು ತುಕ್ಕು ಹಿಡಿದೇ ಇರುತ್ತದೆ. ಸ್ಟೇನ್‌ಲೆಸ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಚಾಕುವೇ ಬೇಕು. ಕಲ್ಲಿಗೆ ನಾಲ್ಕು ಸಲ ಮಸೆದರೆ ಸಾಕು, ಹರಿತ ವಾಪಸ್ ಬರುತ್ತದೆ.

ಕಳೆದ ವರ್ಷ ನಮ್ಮೂರ ಆಚಾರ್ರ ಕುಲುಮೆಯಲ್ಲಿ ಒಂದೇ ಪಟ್ಟಿಯಿಂದ ಮೂರು ಚಾಕು ಮಾಡಿಸಿದೆ. ಕಪ್ಪು ಲೇಪ ಇರುವ ಕಾರ್ಬನ್ ಸ್ಟೀಲ್ ಚಾಕು ಒಂದನ್ನು ಅಂಗಡಿಯಿಂದ ತಂದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕನ್ನೂ ಸರದಿಯಲ್ಲಿ ಬಳಸಿದೆ.

ಮೊದಲನೆಯದಕ್ಕೆ ಬರೀ ತೆಂಗಿನೆಣ್ಣೆ. ಹಲಸಿನಕಾಯಿ ಕೊಚ್ಚುವಾಗ ಮೇಣ ಅಂಟದಿರಲಿ ಅಂತ ಹೇಗೂ ಸವರುತ್ತೇವಲ್ಲ, ಅದೇ ಎಣ್ಣೆ. ಸವರಿದ ದಿನ ತುಕ್ಕಿಲ್ಲ. ಆದರೆ ಇದು ಒಣಗಿ ಪದರ ಕಟ್ಟುವ ಎಣ್ಣೆಯಲ್ಲ. ಒಮ್ಮೆ ತೊಳೆದರೆ ಹೋಯಿತು, ಮತ್ತೆ ಸವರಬೇಕು. ಮರೆತ ಎರಡು ದಿನವೂ ಚುಕ್ಕೆ ಬಿತ್ತು.

ಎರಡನೆಯದಕ್ಕೆ ಅಗಸೆ ಎಣ್ಣೆ. ಇದು ಗಾಳಿ ತಾಗಿದರೆ ನಿಧಾನವಾಗಿ ಗಟ್ಟಿಯಾಗುತ್ತದೆ. ದೋಸೆ ಕಾವಲಿ ಪಳಗಿಸಿದ ಹಾಗೆ ಒಲೆಯ ಮೇಲೆ ಕಾಯಿಸೋಣ ಅನ್ನಿಸಿತ್ತು, ಆಚಾರ್ರು ಬೇಡವೇ ಬೇಡ ಅಂದರು. ಅವರು ಹೇಳಿದ್ದು ಸರಿ. ಜಾಸ್ತಿ ಕಾದರೆ ಹದ ಹಾಕಿದ ಉಕ್ಕು ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ. ತೆಳುವಾಗಿ ಸವರಿ ವಾರಗಟ್ಟಲೆ ಒಣಗಿಸಿದೆ. ಮಳೆಗಾಲದಲ್ಲಿ ಅದು ಪೂರ್ತಿ ಒಣಗಲೇ ಇಲ್ಲ, ಕೈಗೆ ಜಿಗುಟು. ಪೇಂಟ್ ಅಂಗಡಿಯ ಬೇಯಿಸಿದ ಅಗಸೆ ಎಣ್ಣೆ ಬೇಗ ಒಣಗುತ್ತದೆ, ಆದರೆ ಅದಕ್ಕೆ ಬೇರೆ ರಾಸಾಯನಿಕ ಸೇರಿಸಿರುತ್ತಾರೆ. ಅಡುಗೆಯ ಚಾಕುವಿಗೆ ಬೇಡ. ಇನ್ನೊಂದು ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು.

ನನ್ನ ಮನಸ್ಸು ಗೆದ್ದದ್ದು ಮೂರನೆಯದು, ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಗಟ್ಟಿ ಒಗರು ನೀರು. ಅಡಿಕೆ ಸುಲಿಯುವ ಕತ್ತಿ ತಾನಾಗಿ ಕಪ್ಪಾಗುವುದನ್ನು ನೋಡಿದ್ದೀರಲ್ವಾ? ಅಡಿಕೆಯ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪು ಪದರ ಹುಟ್ಟುತ್ತದೆ. ಹಿಂದಿನ ಸುಗ್ಗಿಯ ಚೊಗರು ಕ್ಯಾನಿನಲ್ಲಿತ್ತು. ಚಾಕುವಿನ ಎಣ್ಣೆ ಜಿಡ್ಡನ್ನು ಸೋಪಿನಲ್ಲಿ ತೊಳೆದು, ಬಿಸಿ ಚೊಗರಿನಲ್ಲಿ ಅಲಗು ಮಾತ್ರ ಮುಳುಗುವ ಹಾಗೆ 20 ನಿಮಿಷ ನಿಲ್ಲಿಸಿದೆ. ತೊಳೆದು ಒರೆಸಿ, ಮತ್ತೆರಡು ಸಲ ಹಾಗೇ ಮಾಡಿದೆ. ಬೂದು ಬಣ್ಣ ಹೋಗಿ ನೀಲಿ ಮಿಶ್ರಿತ ಕಪ್ಪು ಬಂತು. ಈರುಳ್ಳಿ ಹೆಚ್ಚಿದಾಗ ಮೊದಲು ಬರುತ್ತಿದ್ದ ಕಬ್ಬಿಣದ ವಾಸನೆ ಬಹಳ ಕಡಿಮೆಯಾಯಿತು. ಚೊಗರು ಸಿಗದ ಊರಿನವರು ಗಟ್ಟಿ ಚಹಾ ಡಿಕಾಕ್ಷನ್‌ಗೆ ಸ್ವಲ್ಪ ವಿನೆಗರ್ ಹಾಕಿ ನೋಡಿ, ಅದರಲ್ಲೂ ಇದೇ ಒಗರು ಇದೆ.

ಇದಕ್ಕೂ ಕೊರತೆ ಇಲ್ಲದಿಲ್ಲ. ಹುಳಿ ಕಂಡರೆ ಈ ಕಪ್ಪು ನಿಲ್ಲುವುದಿಲ್ಲ. ಅಮ್ಮ ಒಂದು ದಿನ ಹಿತ್ತಾಳೆ ಪಾತ್ರೆಯ ಜೊತೆ ಇದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿಬಿಟ್ಟರು, ಅರ್ಧ ಬಣ್ಣ ಹೋಯಿತು. ಮತ್ತೆ ಅದ್ದಿದೆ, ಬಂತು. ಒದ್ದೆ ಬಿಟ್ಟರೆ ಇದಕ್ಕೂ ತುಕ್ಕು ಬರುತ್ತದೆ, ಆದರೆ ತಡವಾಗಿ.

ಅಂಗಡಿಯದು ನೋಡಲು ಚೆಂದ. ಮೊದಲ ತಿಂಗಳು ನಾಲ್ಕರಲ್ಲಿ ಅದೇ ಮುಂದೆ. ಮಸೆಯಲು ಶುರು ಮಾಡಿದ ಮೇಲೆ ಬಾಯಿಯ ಪಕ್ಕ ಲೇಪ ಕಿತ್ತುಬಂತು. ಅಲ್ಲಿಂದ ನೀರು ಒಳಗೆ ನುಗ್ಗಿ, ಲೇಪದ ಅಡಿಯಲ್ಲೇ ತುಕ್ಕು ಹರಿಯಿತು. ಮೇಲಿಂದ ಕಾಣಿಸಲೇ ಇಲ್ಲ. ಸಿಪ್ಪೆ ಎದ್ದ ಮೇಲೆ ನೋಡಿದರೆ ಅಲ್ಲಲ್ಲಿ ಗುಳಿ ಬಿದ್ದಿತ್ತು. ಚೊಗರಿನದಾದರೆ ಎಲ್ಲಿ ಹೋಯಿತೋ ಅಲ್ಲಿಗಷ್ಟೇ ಮತ್ತೆ ಹಚ್ಚಬಹುದು. ಇದನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ.

ಈಗ ಚೊಗರಿನ ಚಾಕುವನ್ನೇ ದಿನಾ ಬಳಸುತ್ತಿದ್ದೇನೆ. ಮಸೆದ ಬಾಯಿಗೆ ಯಾವ ಲೇಪವೂ ಉಳಿಯುವುದಿಲ್ಲವಾದ್ದರಿಂದ ರಾತ್ರಿ ಒರೆಸಿ ಒಂದು ಹನಿ ತೆಂಗಿನೆಣ್ಣೆ ಸವರುತ್ತೇನೆ. ಈ ಸಲ ಅಡಿಕೆ ಬೇಯಿಸುವಾಗ ತೋಟದ ಕತ್ತಿಗಳನ್ನೂ ಹಂಡೆಯ ಪಕ್ಕ ಸಾಲಾಗಿ ಇಡುವುದು ಅಂತ ಮಾಡಿದ್ದೇನೆ.