ಎಂಜಿನ್ ಕ್ಲೀನರ್: 4 ವರ್ಷ, ಎರಡು ಕಾರು, ಒಂದು ದೊಡ್ಡ ಭಯ

ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಬಾಟಲಿ, ಆಯಿಲ್‌ಗೆ ಹಾಕುವ ಫ್ಲಶ್, ಗಾಳಿ ಒಳಗೆ ಹೋಗುವ ದಾರಿಯಲ್ಲಿ ಹೊಡೆಯುವ ಸ್ಪ್ರೇ. 4 ವರ್ಷದಲ್ಲಿ ಮೂರನ್ನೂ ಬಳಸಿದ್ದೇನೆ. ಎಲ್ಲಕ್ಕೂ ಎಂಜಿನ್ ಕ್ಲೀನರ್ ಅಂತಲೇ ಹೆಸರು, ಆದರೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡೋಕಾಗಲ್ಲ.

ಮೊದಲು ನನ್ನ ಹಳೇ ಕಾರು. 1,10,000 ಕಿ.ಮೀ. ಓಡಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ನಿಮಿಷ ಸ್ಟೀರಿಂಗ್ ನಡುಗುತ್ತಿತ್ತು, ಆರ್‌ಪಿಎಂ ಮುಳ್ಳು 700ರಿಂದ 900ರ ನಡುವೆ ಓಲಾಡುತ್ತಿತ್ತು. ಪ್ಲಗ್ ಬದಲಾಯಿಸಿದರೂ ಸರಿಹೋಗಲಿಲ್ಲ. ಆಗ ಪಾಲಿಈಥರ್ ಅಮೈನ್, ಅಂದರೆ ಪಿಇಎ ಇರುವ ಬಾಟಲಿ ತಂದೆ. ಪೆಟ್ರೋಲ್ ಉರಿಯುವ ಜಾಗದ ಬಿಸಿಯನ್ನೂ ತಡೆದುಕೊಂಡು ಅಲ್ಲಿನ ಕಾರ್ಬನ್ ಬಿಡಿಸುವ ಶಕ್ತಿ ಇದಕ್ಕಿದೆ. ಅಗ್ಗದ ಬಾಟಲಿಗಳಲ್ಲಿ ಎಷ್ಟೋ ಸಲ ಬರೀ ಸೀಮೆಎಣ್ಣೆ ಜಾತಿಯ ದ್ರಾವಕವೇ ಜಾಸ್ತಿ ಇರುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ಬಾಟಲಿಯ ಹಿಂಭಾಗ ಓದಿ.

ಹಾಕುವ ಮೊದಲು ಪ್ಲಗ್ ಬಿಚ್ಚಿ, ಫೋನ್‌ಗೆ ಸಿಕ್ಕಿಸುವ ಪುಟ್ಟ ಕ್ಯಾಮೆರಾ ಒಳಗೆ ಇಳಿಸಿ ನೋಡಿದ್ದೆ. ಪಿಸ್ಟನ್ ಮೇಲೆ ತಳ ಹಿಡಿದ ಪಾತ್ರೆಯ ಹಾಗೆ ಒರಟು ಕರಿ ಪದರ. ಎರಡು ಟ್ಯಾಂಕ್ ಮುಗಿದ ಮೇಲೆ ಮತ್ತೆ ನೋಡಿದೆ. ಅಂಚಿನ ಕಡೆ ಪದರ ಎದ್ದು ಹೋಗಿ ಲೋಹದ ಬಣ್ಣ ಕಾಣುತ್ತಿತ್ತು, ನಡುವೆ ಮಾತ್ರ ಇನ್ನೂ ಕರಿ ಇತ್ತು. ಬೆಳಗಿನ ನಡುಕ ಸುಮಾರು 400 ಕಿ.ಮೀ. ಹೊತ್ತಿಗೆ ಕಮ್ಮಿ ಆಯ್ತು, ಎರಡನೇ ಟ್ಯಾಂಕಿಗೆ ಪೂರ್ತಿ ನಿಂತಿತು. ನನ್ನ ಪ್ರಕಾರ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಾಯಿ ಸ್ವಚ್ಛ ಆಗಿದ್ದೇ ಕಾರಣ. ಮೈಲೇಜ್? ಪ್ರತಿ ಸಲ ಫುಲ್ ಟ್ಯಾಂಕ್ ಮಾಡಿ ಲೆಕ್ಕ ಬರೆದಿಟ್ಟಿದ್ದೇನೆ. 14.1 ಇದ್ದದ್ದು 14.5 ಆಯ್ತು. ಅಷ್ಟು ವ್ಯತ್ಯಾಸ ಟೈರ್ ಗಾಳಿ ಸರಿಯಾಗಿ ಹಾಕಿಸಿದರೂ ಬರುತ್ತದೆ, ಹಾಗಾಗಿ ಮೈಲೇಜ್ ಆಸೆಗೆ ಇದನ್ನು ಕೊಳ್ಳಬೇಡಿ.

ಈಗಲೂ 8,000 ಕಿ.ಮೀ.ಗೆ ಒಂದು ಬಾಟಲಿ ಹಾಕುತ್ತೇನೆ, ಅದೂ ಆಯಿಲ್ ಬದಲಾಯಿಸೋಕೆ ಮುಂಚಿನ ಟ್ಯಾಂಕಿಗೇ. ಬಿಟ್ಟ ಕೊಳೆ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ, ಅದು ಹಳೇ ಆಯಿಲ್ ಜೊತೆಗೇ ಹೊರಗೆ ಹೋಗಲಿ ಅಂತ. ಬಾಟಲಿ ಮೇಲೆ ಎಷ್ಟು ಲೀಟರ್ ಪೆಟ್ರೋಲ್‌ಗೆ ಅಂತ ಬರೆದಿರುತ್ತದಲ್ಲ, ಅಷ್ಟೇ ಹಾಕಿ. ಜಾಸ್ತಿ ಹಾಕಿದರೆ ಬೇಗ ಸ್ವಚ್ಛ ಆಗುತ್ತದೆ ಅನ್ನೋದು ತಪ್ಪು.

ಎರಡನೇ ಕಾರು ಡೈರೆಕ್ಟ್ ಇಂಜೆಕ್ಷನ್. ಅದೇ ಬಾಟಲಿ ಒಂದು ವರ್ಷ ಹಾಕಿದೆ, ಆಮೇಲೆ ಇಂಟೇಕ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್‌ಗೆ ಗಾಳಿ ಒಯ್ಯುವ ಪೈಪುಗಳ ಭಾಗ ಬಿಚ್ಚಿಸಿ ನೋಡಿದರೆ, ಗಾಳಿ ಒಳಗೆ ಬಿಡುವ ಇಂಟೇಕ್ ವಾಲ್ವ್ ಹಿಂಭಾಗದಲ್ಲಿ ಒಣಗಿದ ಡಾಂಬರಿನ ಹಾಗೆ ಗಟ್ಟಿ ಪದರ ಹಾಗೇ ಇತ್ತು. ಯಾಕೆ ಅಂತ ಯೋಚಿಸಿದರೆ ಸುಲಭ. ಈ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಬೀಳುತ್ತದೆ, ಇಂಟೇಕ್ ವಾಲ್ವ್ ಹಿಂಭಾಗಕ್ಕೆ ತಾಗುವುದೇ ಇಲ್ಲ. ತಾಗದ ಜಾಗವನ್ನು ಅದು ಹೇಗೆ ತೊಳೆಯುತ್ತದೆ? ಸ್ಪ್ರೇ ಕೂಡ ಮೇಲಿನ ಮೆತ್ತನೆ ಪದರವನ್ನಷ್ಟೇ ಕರಗಿಸಿತು. ಕೊನೆಗೆ ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಸಿದ ಮೇಲೇ ವಾಲ್ವ್ ಬೆಳ್ಳಗಾಯ್ತು. ಇಂಜೆಕ್ಟರ್ ಚೆನ್ನಾಗಿರಲಿ ಅಂತ ಆ ಕಾರಿಗೂ ಬಾಟಲಿ ಹಾಕುತ್ತೇನೆ, ವಾಲ್ವ್ ವಿಷಯದಲ್ಲಿ ಅದರಿಂದ ಏನೂ ನಿರೀಕ್ಷಿಸುವುದಿಲ್ಲ.

ಈಗ ಆಯಿಲ್ ಫ್ಲಶ್. ಇದರ ಬಗ್ಗೆ ಬರೆಯಲೇಬೇಕು ಅಂತಲೇ ಕೂತಿದ್ದು. ಅಣ್ಣ ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದ. ಆಯಿಲ್ ಮುಚ್ಚಳ ತೆಗೆದರೆ ಅಡಿಯಲ್ಲಿ ಗ್ರೀಸ್ ಥರ ಕರಿ ಜಿಡ್ಡು, ಬೆರಳಲ್ಲಿ ಒರೆಸಿದರೂ ಬರುತ್ತಿರಲಿಲ್ಲ. ಫ್ಲಶ್ ಹಾಕೋಣ ಅಂತ ಹೇಳಿದವನು ನಾನೇ. ಬಾಟಲಿ ಮೇಲೆ ಇದ್ದ ಹಾಗೇ ಹಳೇ ಆಯಿಲ್‌ಗೆ ಸುರಿದು, 10 ನಿಮಿಷ ಐಡಲ್‌ನಲ್ಲಿ ಬಿಟ್ಟು, ಇಳಿಸಿ, ಹೊಸ ಆಯಿಲ್ ಹೊಸ ಫಿಲ್ಟರ್ ಹಾಕಿದೆವು. 200 ಕಿ.ಮೀ. ಆಗಿರಬೇಕು, ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ಆಯಿಲ್ ದೀಪ ಮಿಣುಕಿತು. ಅಣ್ಣ ಆ ಕ್ಷಣವೇ ಎಂಜಿನ್ ಆಫ್ ಮಾಡಿ ಗಾಡಿ ಎಳೆಸಿಕೊಂಡು ಹೋದ, ಅದಕ್ಕೇ ಎಂಜಿನ್ ಉಳಿಯಿತು. ಗ್ಯಾರೇಜ್‌ನಲ್ಲಿ ಸಂಪ್, ಅಂದರೆ ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತಟ್ಟೆ ಬಿಚ್ಚಿದಾಗ ಆಯಿಲ್ ಎಳೆಯುವ ಪೈಪಿನ ಜಾಲರಿಯಲ್ಲಿ ಕರಿ ಚೂರುಗಳು ತುಂಬಿ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಫ್ಲಶ್ ಆ ಕರಿ ಜಿಡ್ಡನ್ನು ಕರಗಿಸಿರಲಿಲ್ಲ, ಬರೀ ಬಿಡಿಸಿತ್ತು. ಮೆಕ್ಯಾನಿಕ್ ಹೇಳಿದ್ದು ಇನ್ನೂ ನೆನಪಿದೆ: "ಮೊದಲೇ ತಂದಿದ್ರೆ ಸಂಪ್ ಬಿಚ್ಚಿ ಕೈಯಲ್ಲೇ ತೊಳೀತಿದ್ವಿ ಸರ್, ಇಷ್ಟು ಜಿಡ್ಡಿರೋ ಗಾಡಿಗೆ ಫ್ಲಶ್ ಹಾಕಬಾರದು."

ಆಮೇಲೆ ಅವರು ಹೇಳಿದ ಹಾಗೆ ಒಳ್ಳೇ ಆಯಿಲ್ ಹಾಕಿ, 2,500 ಕಿ.ಮೀ.ಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಾಯಿಸುತ್ತಾ ಬಂದೆವು. ಆಯಿಲ್‌ನಲ್ಲೇ ಕೊಳೆ ಬಿಡಿಸುವ ಡಿಟರ್ಜೆಂಟ್ ಇರುತ್ತದೆ, ನಿಧಾನಕ್ಕೆ ಕೆಲಸ ಮಾಡುತ್ತದೆ. ಮೊದಲ ಸಲ ಇಳಿಸಿದ ಆಯಿಲ್ ಕಾಡಿಗೆಯಷ್ಟು ಕಪ್ಪಿತ್ತು. ನಾಲ್ಕನೇ ಸಲ ಡಿಪ್‌ಸ್ಟಿಕ್ ಎತ್ತಿದಾಗ ಕಂದು ಬಣ್ಣ, ಆಯಿಲ್ ಒಳಗಿಂದ ಗುರುತಿನ ಗೆರೆ ಕಾಣುತ್ತಿತ್ತು. ಮೊನ್ನೆ ಅಣ್ಣ ಮುಚ್ಚಳದ ಅಡಿಭಾಗದ ಫೋಟೋ ಕಳಿಸಿದ್ದ. ಜಿಡ್ಡು ಹೋಗಿ ಪ್ಲಾಸ್ಟಿಕ್ ಮೇಲಿನ ಅಚ್ಚಿನ ಅಕ್ಷರ ಓದೋಕೆ ಬರುತ್ತಿತ್ತು.