ಹಂಗು ಉಳಿಸದೆ ಕೊಡುವ ಕೆಲಸ: ಶಾಲಾ ಮಕ್ಕಳ ಕುಟುಂಬಗಳಿಗಾಗಿ ನಡೆಯುವ ಹಬ್ಬದ ಕೊಡುಗೆ ಸೇವೆಯೊಂದರ ವಿಮರ್ಶೆ

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎಂಬ ಗಾದೆ ಪಡೆಯುವವನನ್ನು ಕುರಿತದ್ದು. ಕೊಡುವವನಿಗೂ ನಡುವೆ ನಿಂತು ಕೊಡಿಸುವವನಿಗೂ ಆ ರಿಯಾಯಿತಿ ಇಲ್ಲ, ಅವರು ಎಣಿಸಲೇಬೇಕು. ಆದರೂ ಹೋಟೆಲು, ಮೊಬೈಲು, ಬಸ್ಸು ಇವುಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಾವು, ಹಬ್ಬದ ದಿನಗಳಲ್ಲಿ ನಮ್ಮ ಕೈಯಿಂದ ಹಣವನ್ನೂ ವಸ್ತುವನ್ನೂ ಪಡೆದು ಕಷ್ಟದಲ್ಲಿರುವ ಕುಟುಂಬಗಳಿಗೆ ಮುಟ್ಟಿಸುವ ಸಂಸ್ಥೆಗಳ ಕೆಲಸವನ್ನು ಮಾತ್ರ ಒರೆಗೆ ಹಚ್ಚುವುದಿಲ್ಲ. ಒಳ್ಳೆಯ ಕೆಲಸವಲ್ಲವೇ, ಅದರಲ್ಲಿ ತಪ್ಪು ಹುಡುಕುವುದೇಕೆ ಎಂಬ ದಾಕ್ಷಿಣ್ಯ ಅಡ್ಡ ಬರುತ್ತದೆ. ಮೊದಲ ಎರಡು ವರ್ಷ ದಾನಿಯಾಗಿಯೂ ಮೂರನೆಯ ವರ್ಷ ವಿಂಗಡಣೆಯ ಕೊಠಡಿಯಲ್ಲಿ ಸ್ವಯಂಸೇವಕನಾಗಿಯೂ ಅಂಥದೊಂದು ಸೇವೆಯನ್ನು ಹತ್ತಿರದಿಂದ ಕಂಡ ನಾನು ಆ ದಾಕ್ಷಿಣ್ಯವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಇಲ್ಲಿನ ಗುಣದೋಷಗಳು ಈ ಬಗೆಯ ಬಹುತೇಕ ಸೇವೆಗಳಲ್ಲಿ ಕಾಣುವಂಥವೇ.

ಸೇವೆಯ ಕ್ರಮ ಹೀಗಿದೆ. ಶಾಲೆಯ ಆಪ್ತಸಮಾಲೋಚಕರೂ ತರಗತಿಯ ಶಿಕ್ಷಕರೂ ನೆರವು ಬೇಕಾದ ಕುಟುಂಬಗಳನ್ನು ಗುರುತಿಸಿ, ತಂದೆತಾಯಿಯ ಒಪ್ಪಿಗೆ ಪಡೆದು, ಮಗುವಿಗೊಂದರಂತೆ ನಮೂನೆ ತುಂಬಿಸುತ್ತಾರೆ. ಅದರಲ್ಲಿ ವಯಸ್ಸು, ಬಟ್ಟೆಯ ಹಾಗೂ ಪಾದರಕ್ಷೆಯ ಅಳತೆ, ಬಳಿಕ ಎರಡು ಸಾಲುಗಳು ಇರುತ್ತವೆ: ಒಂದು 'ಬೇಕಾದದ್ದು', ಇನ್ನೊಂದು 'ಆಸೆಪಟ್ಟದ್ದು'. ಈ ವಿವರಗಳು ಹೆಸರಿಲ್ಲದ, ಕ್ರಮಸಂಖ್ಯೆ ಮಾತ್ರ ಇರುವ ಚೀಟಿಗಳಾಗಿ ಗ್ರಂಥಾಲಯ, ಕಚೇರಿ, ಅಂಗಡಿಗಳ ಫಲಕಗಳ ಮೇಲೆ ತೂಗುತ್ತವೆ. ದಾನಿಯು ಚೀಟಿಯೊಂದನ್ನು ಕಿತ್ತುಕೊಂಡು, ಅದರಲ್ಲಿದ್ದುದನ್ನು ಹೊಸದಾಗಿ ಕೊಂಡು, ಗೊತ್ತಾದ ದಿನದೊಳಗೆ ಚೀಟಿಯ ಸಮೇತ ಒಪ್ಪಿಸಬೇಕು. ರಜೆ ಆರಂಭವಾಗುವ ಮುನ್ನ ಕುಟುಂಬದ ಹಿರಿಯರು ಬಂದು ಒಯ್ಯುತ್ತಾರೆ.

ಈ ಪದ್ಧತಿ ಇವರು ಕಂಡುಹಿಡಿದದ್ದೇನಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಪಟ್ಟಣದಲ್ಲಿ 1979ರಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಚಾರ್ಲ್ಸ್ ಮತ್ತು ಶರ್ಲಿ ವೈಟ್ ದಂಪತಿ ಮಕ್ಕಳ ಬಯಕೆಗಳನ್ನು ದೇವದೂತರ ಚಿತ್ರವಿದ್ದ ಶುಭಾಶಯ ಪತ್ರಗಳ ಮೇಲೆ ಬರೆದು, ಮಾಲ್ ಒಂದರ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಿದರು. 'ಏಂಜಲ್ ಟ್ರೀ' ಎಂಬ ಹೆಸರು ಬಂದದ್ದು ಅಲ್ಲಿಂದ. ಅದಕ್ಕಿಂತ ಹಳೆಯ ಇನ್ನೊಂದು ಮಾದರಿಯೂ ಇದೆ. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೆರೀನ್ ಮೀಸಲು ಪಡೆಯ ಅಧಿಕಾರಿ ಬಿಲ್ ಹೆಂಡ್ರಿಕ್ಸ್, ತಮ್ಮ ಪತ್ನಿ ಕೈಯಾರೆ ಹೊಲಿದ ಗೊಂಬೆಯೊಂದನ್ನು ಬಡ ಮಗುವಿಗೆ ಮುಟ್ಟಿಸುವ ಸಂಸ್ಥೆ ಕಾಣದೆ, ತಾವೇ ಜೊತೆಗಾರರೊಡನೆ ಸುಮಾರು 5,000 ಆಟಿಕೆಗಳನ್ನು ಸಂಗ್ರಹಿಸಿ ಹಂಚಿದರು. 'ಟಾಯ್ಸ್ ಫಾರ್ ಟಾಟ್ಸ್' ಎಂಬ ಆಟಿಕೆ ಹಂಚುವ ಯೋಜನೆ ಬೆಳೆದದ್ದು ಹಾಗೆ. ಒಂದು ಕಡೆ ರಾಶಿ ಹಾಕಿ ಹಂಚುವುದು, ಇನ್ನೊಂದು ಕಡೆ ಮಗುವನ್ನು ಕೇಳಿ ತರುವುದು. ರಾಶಿಯ ಪದ್ಧತಿಯಲ್ಲಿ ಕೆಲಸ ಬೇಗ ಸಾಗುತ್ತದೆ, ಒಬ್ಬ ದಾನಿ ಕೈಕೊಟ್ಟರೂ ಯಾವ ಮಗುವಿನ ಪಾಲೂ ತಪ್ಪುವುದಿಲ್ಲ. ಚೀಟಿಯ ಪದ್ಧತಿಯಲ್ಲಿ ತೊಡಕು ಹೆಚ್ಚು. ಆದರೆ ಮಗುವಿಗೆ ಸಿಗುವುದು ಮಗು ಕೇಳಿದ ವಸ್ತು.

ಕೇಳಿ ಕೊಡುವುದರ ಬೆಲೆ ಏನೆಂಬುದಕ್ಕೆ ಅರ್ಥಶಾಸ್ತ್ರದಲ್ಲೂ ಒಂದು ಲೆಕ್ಕವಿದೆ. 1993ರಲ್ಲಿ ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು, ತಮಗೆ ಬಂದ ಹಬ್ಬದ ಉಡುಗೊರೆಗಳಿಗೆ ನೀವೆಷ್ಟು ಬೆಲೆ ಕಟ್ಟುತ್ತೀರಿ ಎಂದು ವಿದ್ಯಾರ್ಥಿಗಳನ್ನು ಕೇಳಿ, ಕೊಟ್ಟವರು ತೆತ್ತ ಬೆಲೆಯಲ್ಲಿ ಹತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಪಡೆದವರ ಪಾಲಿಗೆ ಸೋರಿಹೋಗುತ್ತದೆ ಎಂದು ಅಂದಾಜು ಮಾಡಿದ್ದರು. ಬಂಧುಗಳ ನಡುವೆ ಈ ಸೋರಿಕೆಯನ್ನು ಪ್ರೀತಿಯ ಖಾತೆಗೆ ಬರೆದುಕೊಳ್ಳಬಹುದು. ಹೊದಿಯಲು ಹೊದಿಕೆ ಇಲ್ಲದ ಮನೆಗೆ ಅಪರಿಚಿತನೊಬ್ಬ ತನ್ನ ಇಷ್ಟದ ಗೊಂಬೆ ಒಯ್ದರೆ ಯಾವ ಖಾತೆಗೆ ಬರೆಯುವುದು?

ಈ ಸೇವೆಯ ಅತ್ಯುತ್ತಮ ನಿಯಮ ಮೊದಲ ಓದಿಗೆ ವಿಚಿತ್ರವಾಗಿ ಕಾಣುತ್ತದೆ: ಉಡುಗೊರೆಗೆ ಕಾಗದ ಸುತ್ತಿ ತರಬಾರದು. ವಸ್ತುವನ್ನು ಹಾಗೆಯೇ ಚೀಲದಲ್ಲಿಟ್ಟು, ಬಣ್ಣದ ಕಾಗದದ ಸುರುಳಿಯನ್ನೂ ಗಮ್ ಟೇಪನ್ನೂ ಬೇರೆಯಾಗಿ ಕೊಡಬೇಕು. ಮೊದಲ ವರ್ಷ ನಾನು ನಿಯಮ ಓದದೆ ಅಂಚು ಮಡಿಸಿ, ರಿಬ್ಬನ್ನು ಕಟ್ಟಿ, ಬಲು ಚೆಂದವಾಗಿ ಸುತ್ತಿ ಒಯ್ದಿದ್ದೆ. ಮೇಜಿನ ಹಿಂದಿದ್ದ ಹಿರಿಯ ಹೆಂಗಸು ನನ್ನೆದುರೇ ಅದನ್ನು ಬಿಚ್ಚಿದರು. ವಸ್ತು ಸರಿಯಾಗಿದೆಯೇ, ಹೊಸದೇ ಎಂದು ನೋಡುವುದಕ್ಕಾಗಿ ಎಂದುಕೊಂಡೆ. ಅದೊಂದು ಕಾರಣ ಹೌದು. ಇನ್ನೊಂದನ್ನು ಅವರೇ ಹೇಳಿದರು: "ಸುತ್ತುವ ಕೆಲಸ ಅವರ ಅಮ್ಮನದು ಸ್ವಾಮಿ, ನಿಮ್ಮದಲ್ಲ."

ಆ ಒಂದು ಮಾತಿನಲ್ಲಿ ಇಡೀ ವ್ಯವಸ್ಥೆಯ ವಿವೇಕ ಅಡಗಿತ್ತೆಂದು ನನಗೆ ಅರಿವಾದದ್ದು ತಡವಾಗಿ. ಹಬ್ಬದ ದಿನ ಮಗುವಿನ ಕಣ್ಣಿಗೆ ಕೊಡುವವರು ತಂದೆತಾಯಿಯೇ ಆಗಿರಬೇಕು. ದಾನಿ ಅಲ್ಲಿ ಕಾಣಬಾರದು. ಕನ್ನಡದ 'ಹಂಗು' ಎಂಬ ಪದ ಎಷ್ಟು ಚಿಕ್ಕದೋ ಅಷ್ಟೇ ಭಾರ. ನೆರವು ಪಡೆದ ಮನೆಯಲ್ಲಿ ವಸ್ತುವಿನ ಜೊತೆಗೆ ಹಂಗೂ ಒಳಗೆ ಬಂದು ಕೂತರೆ, ವಸ್ತು ಸವೆದ ಮೇಲೂ ಅದು ಎದ್ದು ಹೋಗುವುದಿಲ್ಲ. ಆದ್ದರಿಂದಲೇ ಇಂಥ ಸೇವೆಯನ್ನು ಅಳೆಯಬೇಕಾದದ್ದು ಎಷ್ಟು ಚೀಲ ಹಂಚಿತು ಎಂಬುದರಿಂದಲ್ಲ, ಎಷ್ಟು ಹಂಗನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತು ಎಂಬುದರಿಂದ ಎಂದು ನನ್ನ ಅಭಿಪ್ರಾಯ.

ಈ ಅಳತೆಗೋಲಿನಲ್ಲಿ ಇವರಿಗೆ ಒಳ್ಳೆಯ ಅಂಕಗಳೇ ಸಲ್ಲುತ್ತವೆ. ಚೀಲಗಳು ಒಳಗಿನದು ಕಾಣದಂತೆ ದಪ್ಪಗಿರುತ್ತವೆ, ಮಕ್ಕಳನ್ನು ಜೊತೆಗೆ ಕರೆತರಬೇಡಿ ಎಂದು ಹಿರಿಯರಿಗೆ ಮೊದಲೇ ತಿಳಿಸುತ್ತಾರೆ, ಮತ್ತು ಕ್ರಮಸಂಖ್ಯೆಗೂ ಹೆಸರಿಗೂ ನಂಟು ಹಾಕುವ ಪಟ್ಟಿ ಶಾಲೆಯವರ ಬಳಿ ಮಾತ್ರ ಇರುತ್ತದೆ. ದೊಡ್ಡ ಮೊತ್ತ ಕೊಟ್ಟ ಪ್ರಾಯೋಜಕರೊಬ್ಬರು ಫಲಾನುಭವಿ ಕುಟುಂಬದೊಡನೆ ಒಂದು ಫೋಟೋ ಬೇಕೆಂದು ಕೇಳಿದಾಗ, ಸಂಚಾಲಕರು ಮುಲಾಜಿಲ್ಲದೆ ಆಗದೆಂದರು. ಬೇಕಾದರೆ ಚೀಲಗಳ ರಾಶಿಯ ಮುಂದೆ ನಿಂತು ತೆಗೆಸಿಕೊಳ್ಳಿ ಎಂದರು. ಪ್ರಾಯೋಜಕರು ಹಾಗೆಯೇ ತೆಗೆಸಿಕೊಂಡರು. ಫೋಟೋ ಚೆನ್ನಾಗಿಯೇ ಬಂದಿತ್ತು.

ಇನ್ನು ಕೊರತೆಗಳ ಮಾತು. ಮೊದಲನೆಯದು ದೊಡ್ಡ ಮಕ್ಕಳದು. ಐದಾರು ವರ್ಷದವರ ಚೀಟಿಗಳು ಹಾಕಿದ ದಿನವೇ ಖಾಲಿಯಾಗುತ್ತವೆ. ಹದಿನೈದು, ಹದಿನಾರು ವರ್ಷದವರದು ಕೊನೆಯ ವಾರದವರೆಗೂ ಫಲಕದ ಮೇಲೆ ಗಾಳಿಗೆ ತಿರುಗುತ್ತಿರುತ್ತವೆ. ಗೊಂಬೆ ಕೊಳ್ಳುವುದರಲ್ಲಿರುವ ಸಂತೋಷ ದೊಡ್ಡ ಅಳತೆಯ ಪ್ಯಾಂಟು ಕೊಳ್ಳುವುದರಲ್ಲಿ ಇಲ್ಲವೆಂಬುದು ನಿಜ. ಎರಡನೆಯ ವರ್ಷ ನನ್ನ ಕೈಗೆ ಬಂದದ್ದು ಅಂಥ ಉಳಿಕೆಯ ಚೀಟಿ. ಹದಿನಾರು ವರ್ಷದ ಹುಡುಗ. 'ಆಸೆಪಟ್ಟದ್ದು' ಎಂಬಲ್ಲಿ 'ಏನಾದರೂ ಸರಿ' ಎಂದಿತ್ತು. 'ಬೇಕಾದದ್ದು' ಎಂಬಲ್ಲಿ ಮೊದಲು ಏನನ್ನೋ ಬರೆದು ಹೊಡೆದುಹಾಕಿ, ಪಕ್ಕದಲ್ಲಿ 'ತಂಗಿಗೆ ಶೂ' ಎಂದು ಬರೆದು, ತಂಗಿಯ ಪಾದದ ಅಳತೆ ಕೊಟ್ಟಿತ್ತು. ಹೊಡೆದುಹಾಕಿದ ಅಕ್ಷರಗಳನ್ನು ಬೆಳಕಿಗೆ ಹಿಡಿದು ನೋಡಿದೆ. 'ಕ್ಯಾಲ್ಕುಲೇಟರ್' ಎಂದಿತ್ತು. ತಂಗಿಗೆ ಅವಳದೇ ಚೀಟಿ ಬೇರೆ ಇರುವುದು ಆ ಹುಡುಗನಿಗೆ ಗೊತ್ತಿತ್ತೋ ಇಲ್ಲವೋ. ಎರಡನ್ನೂ ಕೊಂಡೆ. ಆದರೆ ಪ್ರತಿ ಚೀಟಿಯನ್ನೂ ಬೆಳಕಿಗೆ ಹಿಡಿಯುವ ಭಾರವನ್ನು ದಾನಿಯ ಮೇಲೆ ಹೊರಿಸುವುದು ಸರಿಯಲ್ಲ. ಈ ವಯಸ್ಸಿನವರೊಡನೆ ಆಪ್ತಸಮಾಲೋಚಕರು ಕಾಲು ಗಂಟೆ ಕೂತು ಮಾತನಾಡಿ ನಮೂನೆ ತುಂಬಿಸಬೇಕು, ಇಲ್ಲವೇ ಅವರೇ ಆರಿಸಿಕೊಳ್ಳುವಂತೆ ಗಿಫ್ಟ್ ಕಾರ್ಡ್ ಕೊಡಬೇಕು.

ಎರಡನೆಯ ದೋಷ ದಾನಿಗಳದೇ. ಉತ್ಸಾಹದಿಂದ ಚೀಟಿ ಕಿತ್ತುಕೊಂಡು ಹೋದವರು ಎಲ್ಲರೂ ಹಿಂದಿರುಗುವುದಿಲ್ಲ. ಮೂರು ಮಕ್ಕಳ ಮನೆಗೆ ಎರಡೇ ಚೀಲ ಬಂದರೆ ಏನಾಗುತ್ತದೆಂಬುದನ್ನು ವಿಂಗಡಣೆಯ ಕೊಠಡಿಯಲ್ಲಿ ನಿಂತು ನೋಡಬೇಕು. ಹಂಚಿಕೆಯ ಹಿಂದಿನ ರಾತ್ರಿ ಮೇಜಿನ ಮೇಲೆ ಅಣ್ಣನ ಚೀಲ, ಪುಟ್ಟ ತಮ್ಮನ ಚೀಲ, ನಡುವೆ ಒಂದು ಖಾಲಿ ಜಾಗ. ಅದರ ಸುತ್ತ ನಾಲ್ಕು ಜನ ಸ್ವಯಂಸೇವಕರು ಕಾಯ್ದಿಟ್ಟ ವಸ್ತುಗಳ ಕಪಾಟಿನಲ್ಲಿ ಒಂಬತ್ತು ವರ್ಷದ ಹುಡುಗಿಗೆ ಹೊಂದುವುದೇನಿದೆ ಎಂದು ತಡಕುತ್ತಿದ್ದರು. ಅಳತೆಗೆ ಸರಿಹೋಗುವ ಸ್ವೆಟರ್ ಸಿಕ್ಕಿತು. ಅವಳು ಕೇಳಿದ್ದ ಬಣ್ಣದ ಪೆನ್ಸಿಲುಗಳು ಸಿಗಲಿಲ್ಲ. ಚೀಟಿ ಒಯ್ಯುವವರ ದೂರವಾಣಿ ಸಂಖ್ಯೆ ಬರೆದುಕೊಂಡು, ಗಡುವಿಗೆ ವಾರವಿರುವಾಗ ಒಮ್ಮೆ ನೆನಪಿಸಿದರೆ ಸಾಕಿತ್ತು. ಇಷ್ಟು ಸಣ್ಣ ಕೆಲಸವನ್ನು ಈ ಸೇವೆ ಮೂರು ವರ್ಷದಲ್ಲೂ ಮಾಡಿಲ್ಲ.

ಉಡುಗೊರೆಯ ಜೊತೆಗೆ ಈ ಸೇವೆ ಕೊಡುವ ರಜೆಯ ಆಹಾರದ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಮೆಚ್ಚುಗೆಯನ್ನು ತಡೆಹಿಡಿಯಲಾರೆ. ಶಾಲೆಯಲ್ಲಿ ಉಚಿತವಾಗಿ ಉಣ್ಣುವ ಮಗುವಿಗೆ ರಜೆಯೆಂದರೆ ದಿನಕ್ಕೊಂದು ಊಟ ತಪ್ಪುವ ಕಾಲ, ತಂದೆತಾಯಿಗೆ ಅದೇ ಊಟದ ಖರ್ಚು ಹೊಸದಾಗಿ ಮೇಲೆ ಬೀಳುವ ಕಾಲ. ಇದನ್ನರಿತು ರಜೆಯ ದಿನಗಳನ್ನು ಎಣಿಸಿಯೇ ಪೆಟ್ಟಿಗೆ ತುಂಬುತ್ತಾರೆ. ಮನೆಯಲ್ಲಿ ಒಲೆಯಿದೆಯೇ ಎಂದೂ ನಮೂನೆಯಲ್ಲಿ ಕೇಳಿರುತ್ತಾರೆ. ಬಾಡಿಗೆ ಕೋಣೆಯಲ್ಲಿ ಬಿಸಿನೀರು ಕಾಯಿಸುವ ಸೌಕರ್ಯ ಮಾತ್ರ ಇರುವವರಿಗೆ ಬೇರೆ ಪೆಟ್ಟಿಗೆ. ಡಬ್ಬಿಯಲ್ಲಿ ಮುಚ್ಚಿದ ಆಹಾರವಿರುವ ಪ್ರತಿ ಪೆಟ್ಟಿಗೆಯಲ್ಲೂ ಡಬ್ಬಿ ತೆರೆಯುವ ಉಪಕರಣ ಒಂದಿರುತ್ತದೆ. ಹಿಂದೊಮ್ಮೆ ಅದನ್ನು ಮರೆತು ಪಾಠ ಕಲಿತರಂತೆ.

ಇಷ್ಟು ಸೂಕ್ಷ್ಮ ಬಲ್ಲವರು ಚೀಲ ಒಯ್ಯುವ ಹೊತ್ತನ್ನು ಕೆಲಸದ ದಿನ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಇಟ್ಟಿರುವುದು ನನಗೆ ಒಗಟಾಗಿಯೇ ಉಳಿದಿದೆ. ದಿನಗೂಲಿಯವರು ಉಚಿತವಾದದ್ದನ್ನು ಪಡೆಯಲು ಅರ್ಧ ದಿನದ ಕೂಲಿ ತೆರಬೇಕು. ಶಾಲೆಯಲ್ಲಿ ಈಗಾಗಲೇ ದಾಖಲಾಗಿರುವ ಆದಾಯದ ಪುರಾವೆಯನ್ನು ಪ್ರತಿ ವರ್ಷ ಮತ್ತೆ ಕೇಳುವುದೂ ಅನಾವಶ್ಯಕ. ಬಡತನವನ್ನು ಎರಡೆರಡು ಬಾರಿ ರುಜುವಾತು ಮಾಡಿಸುವಷ್ಟರಲ್ಲಿ, ಬಾಗಿಲಲ್ಲಿ ತಡೆದ ಹಂಗು ಹಿತ್ತಿಲಿನಿಂದ ಒಳಗೆ ಬಂದಿರುತ್ತದೆ.

ಹಾಗಿದ್ದರೂ ಪರಿಚಿತರು ಕೇಳಿದರೆ ಈ ಸೇವೆಗೆ ಕೊಡಿ ಎಂದೇ ಹೇಳುತ್ತೇನೆ, ಎರಡು ಷರತ್ತುಗಳೊಡನೆ: ದೊಡ್ಡ ಮಕ್ಕಳ ಚೀಟಿ ಆರಿಸಿರಿ, ಒಯ್ದ ಚೀಟಿಯನ್ನು ಹಿಂದಿರುಗಿಸಿರಿ. ವಸ್ತು ಕೊಳ್ಳಲು ಬಿಡುವಿಲ್ಲದವರು ಹಣ ಕೊಡಬಹುದು. ನಾನು ಕಂಡಂತೆ ಅದು ಮೊದಲು ಹೋಗುವುದು ಆ ಕಪಾಟಿಗೆ, ಖಾಲಿ ಜಾಗ ತುಂಬುವುದಕ್ಕೆ. ಕಳೆದ ಹಂಚಿಕೆಯ ದಿನ ಮುಚ್ಚುವ ಹೊತ್ತಿಗೆ ಕೆಲಸದ ಬಟ್ಟೆಯಲ್ಲೇ ಓಡೋಡಿ ಬಂದ ತಂದೆಯೊಬ್ಬರು, ತಮ್ಮ ಚೀಲದಲ್ಲಿದ್ದ ಕಾಗದದ ಸುರುಳಿಯನ್ನು ತೆಗೆದು ನೋಡಿ, ನಕ್ಷತ್ರದ ಚಿತ್ರವಿರುವುದು ಇದೆಯೇ ಎಂದು ಸಂಕೋಚದಿಂದ ಕೇಳಿದರು. ಇತ್ತು. ಅವರು ಬದಲಾಯಿಸಿಕೊಂಡು, ಟೇಪು ಸಾಕಾಗುತ್ತದೆಯೇ ಎಂದು ಉಗುರಿನಿಂದ ಅಂಚು ಎಬ್ಬಿಸಿ ನೋಡಿ, ಚೀಲ ಹೆಗಲಿಗೇರಿಸಿ ಹೊರಟರು.